ಆಯಿಲ್ ಬೇರೆ, ಪರ್ಸೆಂಟ್ ಒಂದೇ: ಮಡಿಕೇರಿಯಲ್ಲಿ ಓಡಿಸಿ ನೋಡಿದ್ದು

ಕಾರಿನ ಡಿಸ್‌ಪ್ಲೇಯಲ್ಲಿ ಬರುವ ‘ಆಯಿಲ್ ಲೈಫ್’ (ಇಂಜಿನ್ ಆಯಿಲ್ ಬಾಳಿಕೆ ಇನ್ನೆಷ್ಟು ಪರ್ಸೆಂಟ್ ಉಳಿದಿದೆ ಅನ್ನುವ ಲೆಕ್ಕ) ನೋಡಿ ಯಾವ ಆಯಿಲ್ ಒಳ್ಳೆಯದು ಅಂತ ತೀರ್ಮಾನಿಸಬೇಡಿ. ಎರಡು ಬಗೆ ಹಾಕಿ ಓಡಿಸಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನಮ್ಮದು ಷೆವರ್ಲೆ ಕ್ರೂಜ್ ಡೀಸೆಲ್. ಮೊದಲು 10ಡಬ್ಲ್ಯೂ-40 ಸೆಮಿ ಸಿಂಥೆಟಿಕ್ (ಸಾಮಾನ್ಯ ಆಯಿಲ್ ಜೊತೆ ಸಿಂಥೆಟಿಕ್ ಬೆರೆತದ್ದು) ಹಾಕಿಸಿದ್ದೆ. ಆಮೇಲೆ 5ಡಬ್ಲ್ಯೂ-30 ಫುಲ್ ಸಿಂಥೆಟಿಕ್. ಈ ಅಂಕಿಗಳು ಆಯಿಲಿನ ದಪ್ಪ ಹೇಳುತ್ತವೆ: ಮೊದಲನೆಯದು ಚಳಿಯಲ್ಲಿ, ಎರಡನೆಯದು ಬಿಸಿಯಲ್ಲಿ. ಎರಡರಲ್ಲೂ ಪರ್ಸೆಂಟ್ ಇಳಿದಿದ್ದು ಹೆಚ್ಚು ಕಡಿಮೆ ಒಂದೇ ವೇಗದಲ್ಲಿ. ದುಡ್ಡು ಜಾಸ್ತಿ ಕೊಟ್ಟಿದ್ದು ಕಾರಿಗೆ ಗೊತ್ತೇ ಆಗಲಿಲ್ಲ.

ಗೊತ್ತಾಗುವ ದಾರಿಯೂ ಇಲ್ಲ. ಷೆವರ್ಲೆ ಕಂಪನಿಯ ಒಡೆಯ ಜನರಲ್ ಮೋಟಾರ್ಸ್‌ನ ಈ ವ್ಯವಸ್ಥೆಯಲ್ಲಿ ಆಯಿಲಿನ ಗುಣ ನೋಡುವ ಸೆನ್ಸರ್ ಇಲ್ಲ. ಇಂಜಿನ್ ಎಷ್ಟು ಸುತ್ತು ತಿರುಗಿತು, ಎಷ್ಟು ಬಿಸಿ ಇತ್ತು ಅನ್ನುವುದನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಕಂಪನಿ ಹೇಳಿದ ಆಯಿಲೇ ಒಳಗಿದೆ ಅಂತ ನಂಬಿಕೊಂಡಿರುತ್ತದೆ. 90ರ ದಶಕದ ಕೊನೆಗೆ ಕೆಲವು ಮರ್ಸಿಡಿಸ್ ಕಾರುಗಳಲ್ಲಿ ಆಯಿಲಿನ ವಿದ್ಯುತ್ ಗುಣ ಅಳೆಯುವ ಸೆನ್ಸರ್ ಬಂತು. ಅದರ ದಾರಿಯೇ ಬೇರೆ.

ನಿಜವಾದ ವ್ಯತ್ಯಾಸ ಕಂಡಿದ್ದು ಓಡಾಟದಲ್ಲಿ. ಮಳೆಗಾಲದಲ್ಲಿ ಮಡಿಕೇರಿ ಪೇಟೆ, ಸ್ಕೂಲು, ಮನೆ ಅಂತ ಸುತ್ತಿದರೆ ಪರ್ಸೆಂಟ್ ಸರ್ರನೆ ಇಳಿಯುತ್ತದೆ. ಮೈಸೂರಿಗೆ ಸುಮಾರು 120 ಕಿಲೋಮೀಟರ್ ಒಂದೇ ಸಮ ಹೋದರೆ ಅಷ್ಟು ದೂರಕ್ಕೂ ಸ್ವಲ್ಪವೇ ಕಡಿಮೆಯಾಗುತ್ತದೆ. ಇದು ಸರಿಯಾದ ಲೆಕ್ಕವೇ. ಸಣ್ಣ ಓಡಾಟದಲ್ಲಿ ಆಯಿಲ್ ಪೂರ್ತಿ ಬಿಸಿಯಾಗುವುದಿಲ್ಲ. ಒಳಗೆ ಸೇರಿದ ನೀರಿನ ಪಸೆ, ಡೀಸೆಲ್ ಆವಿಯಾಗದೆ ಅಲ್ಲೇ ಉಳಿಯುತ್ತವೆ. ಕೊಡಗಿನ ಜೂನ್, ಜುಲೈ ಗೊತ್ತಲ್ವಾ?

ಹಾಗಾದರೆ ಎರಡೂ ಆಯಿಲ್ ಒಂದೇನಾ? ಅಲ್ಲ. ಚಳಿಯ ಬೆಳಿಗ್ಗೆ 5ಡಬ್ಲ್ಯೂ-30 ಇದ್ದಾಗ ಇಂಜಿನ್ ಬೇಗ ಮೆತ್ತಗಾಗುತ್ತದೆ. ಸಂಪಾಜೆ ಘಾಟಿ ಹತ್ತುವಾಗ 10ಡಬ್ಲ್ಯೂ-40 ಸದ್ದು ಸ್ವಲ್ಪ ಕಡಿಮೆ ಅನ್ನಿಸಿತು. ಬಿಸಿಯಲ್ಲಿ 40 ದಪ್ಪ ಇರುತ್ತದೆ ನೋಡಿ: 100 ಡಿಗ್ರಿಯಲ್ಲಿ 30ರ ದಪ್ಪ 12.5 ಸೆಂಟಿಸ್ಟೋಕ್‌ಗಿಂತ (ದಪ್ಪ ಅಳೆಯುವ ಮಾನ) ಕೆಳಗೆ, 40ರದ್ದು ಅಲ್ಲಿಂದ ಮೇಲೆ. ಬಣ್ಣ ಮಾತ್ರ ಎರಡೂ ಬೇಗ ಕಪ್ಪಾದವು. ಡೀಸೆಲ್ ಇಂಜಿನ್ನಿನ ಮಸಿಯನ್ನು ಆಯಿಲ್ ಹಿಡಿದಿಟ್ಟುಕೊಂಡರೆ ಕಪ್ಪಾಗಲೇಬೇಕು. ಅದಕ್ಕೆ ಹೆದರಿ ಸುಮ್ನೆ ಬದಲಾಯಿಸಬೇಡಿ.

ನನ್ನ ಆಯ್ಕೆ ಫುಲ್ ಸಿಂಥೆಟಿಕ್. ಕಾರಿನ ಪುಸ್ತಕದಲ್ಲಿ ಬರೆದಿರುವ ದರ್ಜೆಯೇ ಇದ್ದರೆ ಆ ಲೆಕ್ಕವನ್ನು ನಂಬಬಹುದು. ಅಗ್ಗದ್ದು, ಕೆಳದರ್ಜೆಯದ್ದು ಹಾಕಿ ಪರ್ಸೆಂಟ್ ಸೊನ್ನೆಗೆ ಬರಲಿ ಅಂತ ಕಾಯುವುದು ಅಪಾಯ. ಆಯಿಲ್ ಮೊದಲೇ ಸತ್ತಿರುತ್ತದೆ, ಡಿಸ್‌ಪ್ಲೇ ಮಾತ್ರ ಇನ್ನೂ ಇದೆ ಅನ್ನುತ್ತಿರುತ್ತದೆ. ಲೆವೆಲ್ ಕಡಿಮೆಯಾದರೂ ಈ ಲೆಕ್ಕಕ್ಕೆ ತಿಳಿಯುವುದಿಲ್ಲ, ಆಗಾಗ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎತ್ತಿ ನೋಡಿ. ಕಾರು ಶೆಡ್ಡಲ್ಲೇ ನಿಂತಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸಿ. ಬದಲಾಯಿಸಿದ ದಿನವೇ ಡಿಸ್‌ಪ್ಲೇಯ ಲೆಕ್ಕವನ್ನು ರೀಸೆಟ್ ಮಾಡಿಸಿ, ಇಲ್ಲದಿದ್ದರೆ ಹೊಸ ಆಯಿಲಿಗೂ ಹಳೇ ಲೆಕ್ಕವೇ ಮುಂದುವರಿಯುತ್ತದೆ.