ಪಾಲಿಯೋ 1.6 ಜಿಟಿಎಕ್ಸ್: ಬ್ರೇಕ್ ರೀಬಿಲ್ಡ್ ಮತ್ತು 15 ಇಂಚಿನ ಅಲಾಯ್, ಮೂರು ಮಳೆಗಾಲದ ನಂತರ

ಹಳೆಯ ಫಿಯಟ್ ಪಾಲಿಯೋ ಕಾರು ಇಟ್ಟುಕೊಂಡವರು ಯಾರಾದರೂ ಅಲಾಯ್ (ಮಿಶ್ರಲೋಹದ ಗಾಲಿ) ಹಾಕಿಸಲಾ ಅಂತ ಕೇಳಿದರೆ, ನಾನು ಮೊದಲು ವಿಚಾರಿಸುವುದು ಬ್ರೇಕಿನ ಬಗ್ಗೆ. ನನ್ನ ಕಾರಿಗೆ ಎರಡೂ ಕೆಲಸ ಮಾಡಿಸಿದ್ದೇನೆ. ದುಡ್ಡು ಹೆಚ್ಚು ಹೋದದ್ದು ಗಾಲಿಗೆ, ಕಾರು ಬದಲಾದದ್ದು ಬ್ರೇಕಿನಿಂದ. ನಾಲ್ಕು ಗಾಲಿ, ಟೈರಿಗೆ ಕೊಟ್ಟಿದ್ದರ ಕಾಲು ಭಾಗವೂ ಬ್ರೇಕಿಗೆ ಖರ್ಚಾಗಲಿಲ್ಲ.

ಕಾರು 2002ರ ಮಾಡೆಲ್ ಫಿಯಟ್ ಪಾಲಿಯೋ 1.6 ಜಿಟಿಎಕ್ಸ್, ಕೆಎ-25 ಪಾಸಿಂಗ್. ಎರಡು ಸೀಟಿನ ಅಚ್ಚ ಸ್ಪೋರ್ಟ್ಸ್ ಕಾರಲ್ಲ, ನಿಜ. ಆದರೆ ಆ ಕಾಲದಲ್ಲಿ ಇಷ್ಟು ಚಿಕ್ಕ ಕಾರಿಗೆ ನೂರು ಕುದುರೆ ಶಕ್ತಿಯ ಎಂಜಿನ್ ಅಪರೂಪ. ನಮ್ಮಂಥವರ ಕೈಗೆ ಎಟುಕಿದ ಸ್ಪೋರ್ಟ್ಸ್ ಕಾರು ಇದೇ. ಮುಂದೆ ಡಿಸ್ಕ್, ಹಿಂದೆ ಡ್ರಮ್. ನನ್ನದರಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ, ಹಾಗಾಗಿ ಬ್ರೇಕ್ ಎಷ್ಟು ಒಳ್ಳೆಯದಿದೆಯೋ ಅಷ್ಟೇ ನಮ್ಮ ರಕ್ಷಣೆ.

ಬ್ರೇಕ್ ಒತ್ತಿ ಬಿಟ್ಟ ಮೇಲೂ ಕಾರು ಎಡಕ್ಕೆ ಎಳೆಯುತ್ತಿತ್ತು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಬಂದರೆ ಎಡಗಡೆ ಮುಂದಿನ ಗಾಲಿ ಕೈ ಹತ್ತಿರ ತರಲಾಗದಷ್ಟು ಬಿಸಿ, ಬಲಗಡೆಯದು ಬೆಚ್ಚಗೆ ಅಷ್ಟೇ. ಗೋಕುಲ ರೋಡಿನ ಕಡೆ ಗ್ಯಾರೇಜ್ ಇರುವ ಕಾಕಾ ಒಬ್ಬರು ಹಳೆಯ ಫಿಯಟ್‌ಗಳ ಕೈ ಬಲ್ಲವರು. ಜ್ಯಾಕ್ ಏರಿಸಿ ಗಾಲಿ ತಿರುಗಿಸಿ ನೋಡಿ, "ಅಲಾಯ್ ಯಾವಾಗರ ಹಾಕಸ್ಕೋ ತಮ್ಮಾ, ಮೊದ್ಲ ಇದನ್ನ ಬಿಚ್ಚೂಣು" ಅಂದರು.

ಬಿಚ್ಚಿದ್ದನ್ನು ಪಕ್ಕದಲ್ಲೇ ನಿಂತು ನೋಡಿದೆ. ಡಿಸ್ಕನ್ನು ಪ್ಯಾಡುಗಳಿಂದ ಅಮುಕಿ ಹಿಡಿಯುವ ಕ್ಯಾಲಿಪರಿನೊಳಗೆ ಮರದ ತುಂಡು ಇಟ್ಟು ಕಂಪ್ರೆಸರ್ ಗಾಳಿ ಬಿಟ್ಟು, ಪ್ಯಾಡನ್ನು ತಳ್ಳುವ ಪಿಸ್ಟನ್ ಹೊರಗೆ ತಂದರು. ಧೂಳು ತಡೆಯುವ ರಬ್ಬರ್ ಬೂಟ್ ಹರಿದಿತ್ತು. ಅಲ್ಲಿಂದ ನೀರು ಹೊಕ್ಕು ಪಿಸ್ಟನ್ನಿನ ಹೊರ ಅಂಚಿಗೆ ಬಳೆಯಂತೆ ತುಕ್ಕು ಹಿಡಿದಿತ್ತು, ಉಗುರು ಆಡಿಸಿದರೆ ಸಣ್ಣ ಗುಳಿಗಳು ಸಿಗುತ್ತಿದ್ದವು. ಡಿಸ್ಕ್ ಬ್ರೇಕಿನಲ್ಲಿ ಪಿಸ್ಟನ್ ಹಿಂದಕ್ಕೆಳೆಯಲು ಸ್ಪ್ರಿಂಗ್ ಇರುವುದಿಲ್ಲ. ಸುತ್ತಲಿನ ಚೌಕ ಅಂಚಿನ ರಬ್ಬರ್ ಸೀಲೇ ಆ ಕೆಲಸ ಮಾಡುತ್ತದೆ: ಒತ್ತಿದಾಗ ತುಸು ತಿರುಚಿಕೊಳ್ಳುತ್ತದೆ, ಬಿಟ್ಟಾಗ ಮೊದಲಿನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ವರ್ಷಗಟ್ಟಲೆ ಬಿಸಿ ತಿಂದು ಆ ಸೀಲ್ ಗಟ್ಟಿಯಾದರೆ, ಪಿಸ್ಟನ್ ತುಕ್ಕು ಹಿಡಿದರೆ, ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಗಾಲಿ ಬಿಸಿಯಾಗುತ್ತಿದ್ದದ್ದು ಇದಕ್ಕೇ.

ಎರಡೂ ಕಡೆ ಹೊಸ ಪಿಸ್ಟನ್, ಸೀಲ್ ಕಿಟ್, ಸ್ಲೈಡ್ ಪಿನ್ನಿನ (ಕ್ಯಾಲಿಪರ್ ಆಚೀಚೆ ಸರಿಯುವ ಕಡ್ಡಿ) ಬೂಟ್, ಪ್ಯಾಡ್ ಹಾಕಿಸಿದೆ. ಸ್ಲೈಡ್ ಪಿನ್ನಿಗೆ ಹಚ್ಚುವ ಗ್ರೀಸಿನ ಬಗ್ಗೆ ಒಂದು ಮಾತು. ಬೇರಿಂಗಿಗೆ ಬಳಸುವ ಸಾಮಾನ್ಯ ಗ್ರೀಸ್ ತಾಗಿದರೆ ಬ್ರೇಕಿನ ರಬ್ಬರ್ ಉಬ್ಬಿ ಹಾಳಾಗುತ್ತದೆ. ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸೇ ಬೇಕು. ಗ್ಯಾರೇಜಿನಲ್ಲಿ ಇಲ್ಲದಿದ್ದರೆ ನೀವೇ ಕೊಂಡುಕೊಂಡು ಹೋಗಿ, ಸಣ್ಣ ಟ್ಯೂಬ್ ಸಾಕು.

ಮುಂದಿನ ರಬ್ಬರ್ ಹೋಸ್‌ಗಳನ್ನೂ ಬದಲಿಸಿದೆ. ಹೊರಗಿನಿಂದ ಚೆನ್ನಾಗಿ ಕಾಣುವ ಹಳೆಯ ಹೋಸ್ ಒಳಗೆ ಉಬ್ಬಿರುತ್ತದೆ. ಪೆಡಲಿನ ಒತ್ತಡಕ್ಕೆ ಎಣ್ಣೆ ಮುಂದೆ ಹೋಗುತ್ತದೆ, ವಾಪಸ್ ಬರಲು ಒದ್ದಾಡುತ್ತದೆ. ಕ್ಯಾಲಿಪರ್ ರಿಪೇರಿ ಮಾಡಿಸಿಯೂ ಗಾಲಿ ಬಿಗಿಯೇ ಇದ್ದರೆ ಹೋಸ್ ಮೇಲೆ ಅನುಮಾನ ಪಡಿ.

ಹಿಂದಿನ ಡ್ರಮ್ ತೆಗೆದಾಗ ಒಂದು ಕಡೆಯ ವೀಲ್ ಸಿಲಿಂಡರ್ ಸೋರಿ, ಅದು ಡ್ರಮ್ಮಿಗೆ ಒತ್ತುವ ಶೂ (ಉಜ್ಜುವ ಪಟ್ಟಿ) ಒದ್ದೆಯಾಗಿತ್ತು. ಎಣ್ಣೆ ಕುಡಿದ ಶೂ ತೊಳೆದು ಒಣಗಿಸಿದರೆ ನಡೆಯುತ್ತದೆ ಅನ್ನುವವರಿದ್ದಾರೆ. ನಡೆಯುವುದಿಲ್ಲ, ಬದಲಿಸಲೇಬೇಕು, ಅದೂ ಎರಡೂ ಕಡೆ. ಶೂ, ಡ್ರಮ್ ನಡುವಿನ ಅಂತರ ಹೊಂದಿಸುವ ಅಡ್ಜಸ್ಟರ್ ಹಿಡಿದುಕೊಂಡಿತ್ತು, ಅದನ್ನು ಬಿಡಿಸಿ ಶೂ ಸರಿಯಾಗಿ ಕೂಡಿಸಿದ ಮೇಲೆ ಪೆಡಲ್ ಮೇಲೆ ಬಂತು, ಹ್ಯಾಂಡ್ ಬ್ರೇಕೂ ಸರಿಯಾಯಿತು.

ಬ್ರೇಕ್ ಎಣ್ಣೆ ಡಾಟ್ 4 ದರ್ಜೆಯದು. ಇದು ಗಾಳಿಯ ತೇವ ಹೀರುವ ಎಣ್ಣೆ. ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ನೀರಿನಂಶ ಶೇ. 3.7ಕ್ಕೆ ಬಂದಾಗಿನ ಕನಿಷ್ಠ ಮಿತಿ 155 ಡಿಗ್ರಿ ಮಾತ್ರ. ಎಣ್ಣೆ ಕುದ್ದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ಅಂಕೋಲಾ ಕಡೆ ಹೋಗುವಾಗ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವವರಿಗೆ ಈ ಲೆಕ್ಕ ಪುಸ್ತಕದ ಮಾತಲ್ಲ. ಲಾರಿಗಳ ಹಿಂದೆ ತಿರುವು ತಿರುವಿಗೂ ಬ್ರೇಕ್ ಒತ್ತುತ್ತ ಇಳಿಯಬೇಕು. ಮೊದಲು ಅರ್ಧ ಘಟ್ಟ ಇಳಿಯುವಷ್ಟರಲ್ಲಿ ಪ್ಯಾಡ್ ಸುಟ್ಟ ವಾಸನೆ ಬಂದು ಪೆಡಲ್ ಮೆತ್ತಗಾಗುತ್ತಿತ್ತು. ಈಗ ಎರಡನೇ ಗೇರಿನಲ್ಲಿ ಇಳಿದು ಕೆಳಗೆ ತಲುಪಿದಾಗಲೂ ಪೆಡಲ್ ಘಟ್ಟದ ಮೇಲಿದ್ದಾಗಿನಷ್ಟೇ ಗಟ್ಟಿ ಇರುತ್ತದೆ, ಸ್ಟೀರಿಂಗ್ ನೇರ ನಿಲ್ಲುತ್ತದೆ. ಮನೆಯವರನ್ನು ಕೂರಿಸಿಕೊಂಡು ಇಳಿಯುವಾಗ ಇದಕ್ಕಿಂತ ದೊಡ್ಡ ನೆಮ್ಮದಿ ನನಗೆ ಬೇರೆ ಇಲ್ಲ. ಎಣ್ಣೆಯನ್ನು ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುತ್ತೇನೆ.

ಇನ್ನು ಗಾಲಿ. ಪಾಲಿಯೋದ ಪಿಸಿಡಿ 4×98, ಅಂದರೆ ನಾಲ್ಕು ಬೋಲ್ಟ್, ಅವು ಕೂರುವ ವೃತ್ತದ ವ್ಯಾಸ 98 ಮಿ.ಮೀ. ನಮ್ಮ ಪೇಟೆಯಲ್ಲಿ ರಾಶಿ ಬಿದ್ದಿರುವುದು 4×100. ಒಂದು ಅಂಗಡಿಯಲ್ಲಿ "ಎರಡ ಮಿಲಿಮೀಟರ್ ಅಲ್ಲೇನ್ರೀ ಸರ್ರ, ಬೋಲ್ಟ್ ಬಿಗದ್ರ ಕುಂದರ್ತೈತಿ" ಅಂತ ಹಾಕಲು ಮುಂದಾದರು. ಬೇಡ ಅಂದು ಎದ್ದು ಬಂದೆ. ದಯವಿಟ್ಟು ನೀವೂ ಎದ್ದು ಬನ್ನಿ. ವ್ಯಾಸದಲ್ಲಿ ಎರಡು ಅಂದರೆ ಒಂದೊಂದು ಬೋಲ್ಟೂ ತನ್ನ ತೂತಿನ ಮಧ್ಯದಿಂದ ಒಂದು ಮಿ.ಮೀ. ಸರಿದಿರುತ್ತದೆ. ಬೋಲ್ಟಿನ ಕೋನ್ ಸುತ್ತಲೂ ಕೂರುವುದಿಲ್ಲ, ಒಂದೇ ಬದಿಗೆ ಆನಿಕೊಳ್ಳುತ್ತದೆ. ಗಾಲಿಯ ಪ್ರತಿ ಸುತ್ತಿಗೂ ಅದು ತುಸು ಬಾಗಿ ನೇರವಾಗುತ್ತ ಹೋದರೆ ಒಂದು ದಿನ ಸಡಿಲಾಗುತ್ತದೆ, ಇಲ್ಲವೇ ಮುರಿಯುತ್ತದೆ.

ನಾನು 4×98ನ್ನೇ ಹುಡುಕಿ ಹೊರಗಿನಿಂದ ತರಿಸಿದೆ, ಕಾಯಬೇಕಾಯಿತು. ಹಿಂಬದಿಯಲ್ಲಿ ಜೆಡಬ್ಲ್ಯುಎಲ್ (ಅಲಾಯ್ ಗಾಲಿಗಳ ಜಪಾನಿ ಗುಣಮಟ್ಟ) ಗುರುತು ಎರಕದಲ್ಲೇ ಇದೆಯಾ ನೋಡಿಕೊಂಡೆ. ಪಾಲಿಯೋದ ಹಬ್ (ಗಾಲಿಯ ನಡುತೂತಿನಲ್ಲಿ ಕೂರುವ ಭಾಗ) 58.1 ಮಿ.ಮೀ., ಹೊಸ ಗಾಲಿಯ ನಡುತೂತು 73.1. ನಡುವಿನ ಜಾಗ ತುಂಬಲು ರಿಂಗ್ ಬೇಕು. ಬ್ರೇಕಿನ ಬಿಸಿ ಅಲ್ಲಿಗೂ ಬರುವುದರಿಂದ ಪ್ಲಾಸ್ಟಿಕ್ ಬಿಟ್ಟು ಅಲ್ಯೂಮಿನಿಯಂ ರಿಂಗ್ ತೆಗೆದುಕೊಂಡೆ. ಫಿಯಟ್‌ನಲ್ಲಿ ನಟ್ ಅಲ್ಲ, ಬೋಲ್ಟ್. ಹಳೆಯ ಬೋಲ್ಟ್ ಹೊಸ ಗಾಲಿಗೆ ಉದ್ದ ಸಾಲುತ್ತದಾ, ಅದರ ಕೋನ್ ಗಾಲಿಯ ಕುಳಿಗೆ ಹೊಂದುತ್ತದಾ ಎಂದು ಗಾಲಿ ಏರಿಸುವ ಮೊದಲೇ ನೋಡಬೇಕು.

ಟೈರಿನ ಅಳತೆಗೂ ತಲೆ ಓಡಿಸಬೇಕು. ನನ್ನ ಕಾರಿಗೆ ಇದ್ದದ್ದು 175/65 ಆರ್14 (ಅಗಲ 175 ಮಿ.ಮೀ., ಪಕ್ಕೆಯ ಎತ್ತರ ಅಗಲದ ಶೇ. 65, ಗಾಲಿ 14 ಇಂಚು), ಹೊರ ವ್ಯಾಸ 583 ಮಿ.ಮೀ. ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವ 185/60 ಆರ್15 ಹಾಕಿದರೆ 603 ಆಗುತ್ತದೆ. ಸ್ಪೀಡೋಮೀಟರ್ ಕಡಿಮೆ ತೋರಿಸುತ್ತದೆ, ಎಳೆತ ಮಂದವಾಗುತ್ತದೆ. 185/55 ಆರ್15 ಆದರೆ 584.5, ಹೆಚ್ಚೂಕಡಿಮೆ ಹಳೆಯದೇ. ಅದನ್ನೇ ಹಾಕಿಸಿದೆ. ಅಮರಗೋಳ ಎಪಿಎಂಸಿಯಲ್ಲಿ ಮಾವನ ದಲಾಲಿ ಅಂಗಡಿಯ ಕಾಟಾ ಮೇಲೆ ಎರಡನ್ನೂ ಟೈರ್ ಸಮೇತ ತೂಗಿದೆ: ಹೊಸದು ಚೂರು ಭಾರವೇ. ಹೀಗಾಗಿ ಗಾಲಿ ಬದಲಿಸಿದ್ದಕ್ಕೆ ಕಾರು ಚುರುಕಾಯಿತು ಎಂದು ನಾನು ಹೇಳಲಾರೆ. ತಿರುವಿನಲ್ಲಿ ಟೈರಿನ ಪಕ್ಕೆ ಬಾಗುವುದು ಕಡಿಮೆಯಾಗಿ ಸ್ಟೀರಿಂಗಿಗೆ ಖಚಿತತೆ ಬಂದಿದೆ. ನೋಡಲಂತೂ ಬಹಳ ಚಂದ, ಅದರ ಸಂತೋಷ ಇವತ್ತಿಗೂ ಇದೆ. ಸವಾರಿ ಮಾತ್ರ ಗಡುಸಾಗಿದೆ, ಹಳೇ ಹುಬ್ಬಳ್ಳಿಯ ಗುಂಡಿಗಳಲ್ಲಿ ನಡೆಯುವ ವೇಗಕ್ಕೆ ಇಳಿಸುತ್ತೇನೆ.

ಮಳೆಗಾಲದ ಒಂದು ವಿಷಯ ನಮ್ಮ ಕಡೆಯವರಿಗೇ ಹೇಳಬೇಕು. ಅಣ್ಣಿಗೇರಿ, ನವಲಗುಂದ ಕಡೆ ಹೊಲದ ದಾರಿಗೆ ಇಳಿದರೆ ಎರೆಮಣ್ಣು ಗಾಲಿಯ ಒಳಮೈಗೆ ಮೆತ್ತಿಕೊಂಡು ಒಣಗಿ ಹೆಂಟೆ ಕಟ್ಟುತ್ತದೆ. ಆಮೇಲೆ ಹೈವೇಗೆ ಬಂದು ವೇಗ ಹೆಚ್ಚಿಸಿದರೆ ಸ್ಟೀರಿಂಗ್ ನಡುಗುತ್ತದೆ. ಬ್ಯಾಲೆನ್ಸಿಂಗ್ ಮಾಡಿಸುವ ಮೊದಲು ಒಳಮೈ ತೊಳೆಸಿ ನೋಡಿ. ಅದೇ ಮಣ್ಣು ಬ್ರೇಕಿನ ಬೂಟನ್ನೂ ಬಿಡುವುದಿಲ್ಲ. ಎರಡನೇ ಮಳೆಗಾಲದ ಕೊನೆಗೆ ಬಲಗಡೆಯ ಸ್ಲೈಡ್ ಪಿನ್ನಿನ ಬೂಟ್ ಮತ್ತೆ ಹರಿದಿತ್ತು. ಗಾಲಿ ಬಿಚ್ಚಿ ನೋಡಿದ್ದರಿಂದ ಪಿನ್ ಹಿಡಿಯುವ ಮೊದಲೇ ಸಿಕ್ಕಿತು. ಅಲಾಯ್ ಬಣ್ಣ ಬೋಲ್ಟ್ ಕುಳಿಗಳ ಸುತ್ತ ಕಿತ್ತು ಬರುತ್ತಿದೆ, ಈ ಬೆಲೆಗೆ ಅದು ಸಲ್ಲದು.

ಪ್ಯಾಡ್ ಇನ್ನೂ ಅರ್ಧಕ್ಕಿಂತ ಹೆಚ್ಚಿದೆ. ಡಿಸ್ಕಿನ ಕನಿಷ್ಠ ದಪ್ಪ ಎಷ್ಟೆಂದು ಡಿಸ್ಕಿನ ಮೇಲೆಯೇ ಕೆತ್ತಿರುತ್ತಾರೆ, ಕಾಕಾ ಪ್ರತಿ ಸರ್ವಿಸಿಗೂ ಅಳೆಯುತ್ತಾರೆ. ನನ್ನದು ಆ ಮಿತಿಯ ಹತ್ತಿರ ಬಂದಿದೆ. ಪಾಲಿಯೋ ಬಿಡಿಭಾಗ ವರ್ಷದಿಂದ ವರ್ಷಕ್ಕೆ ಸಿಗುವುದು ಕಡಿಮೆಯಾಗುತ್ತಿದೆ. ಈ ಸಲ ಪುಣೆಗೆ ಹೋದಾಗ ಒಂದು ಜೋಡಿ ಡಿಸ್ಕ್, ಎರಡು ಸೀಲ್ ಕಿಟ್ ಕೊಂಡು ತಂದು ಇಟ್ಟಿದ್ದೇನೆ.