ಚೈನ್ ಲಿಂಕ್, ಮುರಕಲ್ಲು, ಸೋಲಾರ್ ಸರಿಗೆ: 2018ರಿಂದ ನಮ್ಮ ಬೇಲಿಗಳ ಕಥೆ

ನಮ್ಮ ಮನೆ ಇರುವುದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ. ಎದುರಿಗೆ ಪಂಚಾಯ್ತಿ ರಸ್ತೆ, ಬದಿಯಲ್ಲಿ ಅಡಿಕೆ ತೋಟ, ಹಿಂದೆ ಗುಡ್ಡೆ. 2018ರಲ್ಲಿ ಮನೆ ಮತ್ತು ಅಂಗಳದ ಸುತ್ತ ಚೈನ್ ಲಿಂಕ್, ಅಂದರೆ ಸರಿಗೆ ಹೆಣೆದ ಬಲೆಯ, ಬೇಲಿ ಹಾಕಿಸಿದೆವು. ಆಮೇಲೆ ತೋಟದ ಹಿಂಬದಿಗೆ ಸೋಲಾರ್ ಬೇಲಿ ಬಂತು. ಉಪ್ಪಳದಲ್ಲಿ ನನ್ನ ಅಣ್ಣನದ್ದೊಂದು ಟೈಲ್ಸ್ ಗೋಡೌನ್ ಇದೆ, ಕಡಲಿಗೆ ಹತ್ತಿರ. ಅವನೂ ಅದೇ ವರ್ಷ ಬಲೆ ಹಾಕಿಸಿ, ಮೇಲೆ ಕನ್ಸರ್ಟಿನಾ, ಅಂದರೆ ಬ್ಲೇಡಿನಂಥ ಮುಳ್ಳಿರುವ ಸರಿಗೆಯ ಸುರುಳಿ ಸುತ್ತಿಸಿದ್ದ. ಹಾಗಾಗಿ ಒಂದೇ ಜಿಲ್ಲೆಯ ಎರಡು ಹವೆಯಲ್ಲಿ ಬೇಲಿ ಏನಾಗುತ್ತದೆ ಎಂದು ನೋಡುವುದಕ್ಕೆ ನನಗೆ ಸುಲಭವಾಯಿತು.

ಅಂಕ ಮೊದಲೇ ಕೊಟ್ಟುಬಿಡುತ್ತೇನೆ. ಚೈನ್ ಲಿಂಕ್‌ಗೆ ಐದರಲ್ಲಿ ನಾಲ್ಕು. ಸೋಲಾರ್‌ಗೆ ಮೂರು. ಕನ್ಸರ್ಟಿನಾಕ್ಕೆ ಎರಡು, ಅದೂ ಅಣ್ಣನ ಮುಖ ನೋಡಿ.

ಅಂಗಡಿಗೆ ಹೋಗುವ ಮೊದಲು ಯಾರನ್ನು ತಡೆಯಬೇಕು ಎಂದು ಮನೆಯಲ್ಲಿ ಕೂತು ತೀರ್ಮಾನ ಮಾಡಿಕೊಳ್ಳಿ. ನಮ್ಮಲ್ಲಿ ಕೊಯ್ಲಿನ ನಂತರ ಅಡಿಕೆ ಒಂದೂವರೆ ತಿಂಗಳಷ್ಟು ಅಂಗಳದಲ್ಲಿ ಒಣಗುತ್ತದೆ. ಚಾಲಿಗೆ (ಒಣಗಿಸಿ ಸುಲಿದ ಅಡಿಕೆಗೆ) ರೇಟ್ ಇರುವ ಕಾಲದಲ್ಲಿ ರಾತ್ರಿ ಎರಡು ಗೋಣಿ ತುಂಬಿಸಿ ಹೊತ್ತುಕೊಂಡು ಹೋದರೆ ಕಳ್ಳನಿಗೆ ಒಳ್ಳೆಯ ಸಂಪಾದನೆ. ಅವನಿಗೆ ಬೇಕಾದದ್ದು ಸುಲಭದ ದಾರಿ. ಹಂದಿಯ ವಿಷಯ ಬೇರೆ, ಅದು ಮೇಲೆ ನೋಡುವುದೇ ಇಲ್ಲ, ಅಡಿಯಿಂದ ನುಗ್ಗುತ್ತದೆ. ದನ ಸುಮ್ನೆ ಒರಗಿ ಒರಗಿ ಕಂಬ ಸಡಿಲ ಮಾಡುತ್ತದೆ. ಮಂಗನಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ, ಅದನ್ನು ಬಿಟ್ಟುಬಿಡಿ. ಈ ಎಲ್ಲದಕ್ಕೂ ಒಂದೇ ಬೇಲಿ ಸಾಕು ಎಂದು ಯಾರಾದರೂ ಹೇಳಿದರೆ ಅವರು ಮಾರಾಟದವರೇ ಇರಬೇಕು.

ಈಗ ಬಲೆಯ ವಿಷಯ. ಚೈನ್ ಲಿಂಕ್ ತೆಗೆದುಕೊಳ್ಳುವಾಗ ಗೇಜ್ ಕೇಳುತ್ತೇವೆ. ನಂಬರ್ ಕಮ್ಮಿಯಾದಷ್ಟೂ ಸರಿಗೆ ದಪ್ಪ. 8 ಗೇಜ್ ಎಂದರೆ ಸುಮಾರು 4 ಮಿ.ಮೀ., 10 ಗೇಜ್ 3.25 ಮಿ.ಮೀ., 12 ಗೇಜ್ 2.64 ಮಿ.ಮೀ. ಕಣ್ಣಿಗೆ 10ಕ್ಕೂ 12ಕ್ಕೂ ಅಂಥ ವ್ಯತ್ಯಾಸ ಕಾಣುವುದಿಲ್ಲ. ಆದರೆ 12ರಲ್ಲಿ ಕಬ್ಬಿಣ ಮೂರರಲ್ಲಿ ಒಂದು ಪಾಲು ಕಮ್ಮಿ. ಚದರ ಅಡಿ ಲೆಕ್ಕದಲ್ಲಿ ರೇಟ್ ಮಾತಾಡಿದರೆ ಆ ಒಂದು ಪಾಲು ಯಾರ ಕಿಸೆಗೆ ಹೋಗುತ್ತದೆ ಎಂದು ಗೊತ್ತಾಯಿತಲ್ಲ? ನಮಗೆ ಮೊದಲ ಲೋಡ್ ಬಂದಾಗ ಬಿಲ್ಲಿನಲ್ಲಿ 10 ಎಂದೇ ಇತ್ತು. ನಮ್ಮ ಮೇಸ್ತ್ರಿ ಒಂದು ತುಂಡು ಬಗ್ಗಿಸಿ ನೋಡಿ ಮುಖ ಸಿಂಡರಿಸಿದರು. ಪಕ್ಕದ ವರ್ಕ್‌ಶಾಪಿನಿಂದ ದಪ್ಪ ಅಳೆಯುವ ವರ್ನಿಯರ್ ತಂದು ಅಳೆದರೆ 12. ಅಂಗಡಿಯವರು ಗೊಣಗುತ್ತಾ ಬದಲಿಸಿ ಕೊಟ್ಟರು. ಸಾಧ್ಯವಾದರೆ ಕಿಲೋ ಲೆಕ್ಕದಲ್ಲಿ ರೇಟ್ ಕೇಳಿ. 3 ಇಂಚು ಕಣ್ಣಿನ 10 ಗೇಜ್ ಬಲೆ ಚದರ ಮೀಟರಿಗೆ ಹೆಚ್ಚುಕಮ್ಮಿ 1.9 ಕಿಲೋ ತೂಗಬೇಕು. 1.3ರ ಹತ್ತಿರ ಬಂತೆಂದರೆ ಅದು 12 ಗೇಜ್. ಹಸಿರು ಪ್ಲಾಸ್ಟಿಕ್ ಕೋಟಿಂಗಿನ ಬಲೆಯಲ್ಲಿ ಇನ್ನೊಂದು ಆಟ ಇದೆ. ಕೆಲವರು ಪ್ಲಾಸ್ಟಿಕ್ ಸೇರಿಸಿ ಗೇಜ್ ಹೇಳುತ್ತಾರೆ. ಒಳಗಿನ ಸರಿಗೆ ಎಷ್ಟು ದಪ್ಪ ಎಂದು ಪ್ರತ್ಯೇಕ ಕೇಳಬೇಕು.

ಆದರೆ ನಮ್ಮ ಊರಿನಲ್ಲಿ ಗೇಜಿಗಿಂತಲೂ ದೊಡ್ಡ ವಿಷಯ ಸತುವಿನ ಲೇಪ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಜಾಗ ಇದು. ಜಿಐ ಎಂದು ಮಾರುವ ಎಲ್ಲ ಬಲೆಯಲ್ಲೂ ಸತು ಇರುತ್ತದೆ, ಎಷ್ಟು ಎಂಬುದೇ ಪ್ರಶ್ನೆ. ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಅದರ ಲೆಕ್ಕ, ಅಂಗಡಿಯಲ್ಲಿ ಜಿಎಸ್‌ಎಂ ಅನ್ನುತ್ತಾರೆ. 50 ಗ್ರಾಂ ಎಂದರೆ ಬರೀ 7 ಮೈಕ್ರಾನ್ ದಪ್ಪದ ಲೇಪ. 100 ಗ್ರಾಂ ಎಂದರೆ 14 ಮೈಕ್ರಾನ್. ನಮ್ಮಂಥ ಒಳನಾಡಿನಲ್ಲಿ ವರ್ಷಕ್ಕೆ ಒಂದೆರಡು ಮೈಕ್ರಾನ್ ಸವೆಯುತ್ತದೆ. ಕಡಲ ಬದಿಯಲ್ಲಿ ಅದರ ಎರಡು ಮೂರು ಪಟ್ಟು, ಕೆಲವು ಕಡೆ ಇನ್ನೂ ಜಾಸ್ತಿ. ಇಷ್ಟು ಗೊತ್ತಿದ್ದರೆ ಉಪ್ಪಳದಲ್ಲಿ ಆದದ್ದು ಅರ್ಥವಾಗುತ್ತದೆ. ಅಣ್ಣನಿಗೆ ಬಂದದ್ದು ತೆಳು ಲೇಪದ ಬಲೆ. ಪಡುವಣ ಗಾಳಿ ತಾಗುವ ಬದಿಯಲ್ಲಿ ಮೂರನೇ ಮಳೆಗಾಲಕ್ಕೇ ಕೆಂಪು ಇಳಿಯಲು ಶುರುವಾಯಿತು. ಅದೇ ಬಲೆಯ ಮೂಡು ಬದಿ, ಗೋಡೌನಿನ ಮರೆಯಲ್ಲಿರುವುದು, ಎಷ್ಟೋ ಕಾಲ ಗಟ್ಟಿಯಾಗಿತ್ತು. ನಮ್ಮ ಬಲೆ ದಪ್ಪ ಲೇಪದ್ದು. ಹೊಳಪು ಹೋಗಿ ಬೂದಿ ಬಣ್ಣಕ್ಕೆ ತಿರುಗಿದೆ, ತುಕ್ಕು ಈಗಲೂ ಕೆಲವು ತುದಿಗಳಲ್ಲಿ ಮಾತ್ರ. ಬೂದಿ ಬಣ್ಣ ಬಂತೆಂದು ಹೆದರಬೇಡಿ, ಸತು ಹಳತಾಗುವುದೇ ಹಾಗೆ.

ಚೈನ್ ಲಿಂಕ್‌ಗೆ ಐಎಸ್ 2721, ಮುಳ್ಳುಸರಿಗೆಗೆ ಐಎಸ್ 278 ಎಂಬ ಗುಣಮಟ್ಟದ ನಂಬರ್ ಇದೆ. ಕೇಳಿ ನೋಡಿ. ಉತ್ತರಕ್ಕಿಂತ ಅಂಗಡಿಯವರ ಮುಖ ಜಾಸ್ತಿ ಹೇಳುತ್ತದೆ.

ಕಂಬಕ್ಕೆ ನಾವು ಕಾಂಕ್ರೀಟ್ ಆರಿಸಿದೆವು. 7 ಅಡಿ ಎತ್ತರದ್ದು, ಅದರಲ್ಲಿ ಒಂದೂವರೆ ಅಡಿಗಿಂತ ಜಾಸ್ತಿಯೇ ನೆಲದೊಳಗೆ. ಕಂಬದಿಂದ ಕಂಬಕ್ಕೆ 8 ಅಡಿ. 10 ಅಡಿಗೆ ಒಂದು ಸಾಕು ಎಂದವರೂ ಇದ್ದರು. ಕಂಬ ದೂರವಾದರೆ ಬಲೆ ಮಧ್ಯದಲ್ಲಿ ಜೋಲುತ್ತದೆ, ಅಲ್ಲಿ ಕಾಲಿಟ್ಟು ಹತ್ತುವುದೂ ಸುಲಭ. ಗುಡ್ಡೆ ಬದಿಯಲ್ಲಿ ನೆಲ ಪೂರ್ತಿ ಮುರ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು. ಪಿಕ್ಕಾಸಿನಲ್ಲಿ ಒಂದು ಗುಂಡಿ ತೋಡುವಷ್ಟರಲ್ಲಿ ಕೆಲಸದವರು ಸುಸ್ತು. ಅಂಥ ಕಡೆ ‘ಒಂದು ಅಡಿ ಸಾಕು, ಗಟ್ಟಿ ನೆಲ ಅಲ್ವಾ’ ಎಂಬ ಮಾತು ಬಂದೇ ಬರುತ್ತದೆ. ನನ್ನ ಗಂಡ ಅಲ್ಲೇ ನಿಂತು ಅಳತೆಕೋಲು ಹಾಕಿ ನೋಡಿದ್ದಕ್ಕೆ ನಮ್ಮ ಕಂಬ ಇವತ್ತಿಗೂ ನೆಟ್ಟಗಿವೆ. ಮೂಲೆ ಕಂಬಕ್ಕೆ ಎರಡೂ ಬದಿಯಿಂದ ಓರೆಯಾಗಿ ಆಧಾರದ ಕಂಬ ಬೇಕೇ ಬೇಕು. ಬಲೆ ಎಳೆದು ಬಿಗಿ ಮಾಡುವಾಗ ಪೂರ್ತಿ ಭಾರ ಬೀಳುವುದು ಮೂಲೆಗೆ. ಕೊಟೇಶನ್ನಿನಲ್ಲಿ ಈ ಆಧಾರದ ಕಂಬ ಬರೆದಿರುವುದಿಲ್ಲ, ಆಮೇಲೆ ‘ಎಕ್ಸ್‌ಟ್ರಾ’ ಎಂದು ಬರುತ್ತದೆ.

ನಮ್ಮ ಬೇಲಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದರ ಅಡಿಭಾಗ. ಬಲೆಯ ಕೆಳಗೆ ಎರಡು ಸಾಲು ಮುರಕಲ್ಲು ಕಟ್ಟಿಸಿದ್ದೇವೆ, ಒಂದು ಸಾಲು ನೆಲದೊಳಗೆ, ಒಂದು ಮೇಲೆ. ಬಲೆಯ ಕೆಳತುದಿ ಆ ಕಲ್ಲಿನ ಮೇಲಿನ ಕಾಂಕ್ರೀಟಿನಲ್ಲಿ ಕೂತಿದೆ. ಹಂದಿ ಮೂತಿ ಹಾಕಿ ಎತ್ತಲು ಜಾಗ ಇಲ್ಲ. ಪಕ್ಕದ ಮನೆಯವರ ಬಲೆ ನಮ್ಮದಕ್ಕಿಂತ ದಪ್ಪ, ಆದರೆ ಅಡಿ ಖಾಲಿ. ಅವರ ಮರಗೆಣಸು ಹಂದಿಯ ಪಾಲಾಗುತ್ತಲೇ ಇದೆ. ಇಳಿಜಾರಿನ ಜಾಗವಾದರೆ ಈ ಕಲ್ಲಿನ ಸಾಲಿನಿಂದ ಇನ್ನೊಂದು ಲಾಭ, ಆಷಾಢದ ಮಳೆಗೆ ಕಂಬದ ಬುಡದ ಮಣ್ಣು ಕೊಚ್ಚಿಹೋಗುವುದಿಲ್ಲ. ನೀರು ಹೋಗಲು ಅಲ್ಲಲ್ಲಿ ತೂತು ಬಿಡಬೇಕು, ತೂತಿಗೆ ಸರಳು ಹಾಕಬೇಕು.

ಗೇಟಿನ ಬಗ್ಗೆ ಜಾಸ್ತಿ ಹೇಳಲು ಏನಿಲ್ಲ. ವೆಲ್ಡಿಂಗ್ ಮಾಡಿದ ಕಡೆ ಸತು ಸುಟ್ಟುಹೋಗುತ್ತದೆ, ತುಕ್ಕು ಶುರುವಾಗುವುದು ಅಲ್ಲಿಂದಲೇ. ವೆಲ್ಡಿಂಗ್ ಆದ ದಿನವೇ ಸತುವಿನ ಪೇಂಟ್ ಹೊಡೆಸಿ.

ಇನ್ನೊಂದು ದೂರು ನಮ್ಮ ಮನೆಯೊಳಗಿನದ್ದೇ. ಅತ್ತೆ ಬೇಲಿಗೆ ತೊಂಡೆ ಹಬ್ಬಿಸಿದ್ದಾರೆ. ಬಳ್ಳಿ ಹಬ್ಬಿದ ಕಡೆ ಬಲೆ ಒಣಗುವುದೇ ಇಲ್ಲ, ನಮ್ಮ ಬೇಲಿಯ ಅಷ್ಟಿಷ್ಟು ತುಕ್ಕು ಇರುವುದೂ ಅಲ್ಲೇ. ಮೇಲಾಗಿ ಚೈನ್ ಲಿಂಕ್‌ನ ದೊಡ್ಡ ಗುಣ ಆಚೆಯಿಂದ ಈಚೆ ಕಾಣುವುದು. ರಸ್ತೆಯಲ್ಲಿ ಹೋಗುವವರಿಗೆ ನಮ್ಮ ಅಂಗಳ ಕಾಣುತ್ತದೆ, ಅಂಗಳದಲ್ಲಿ ಹೊಸ ಮುಖ ಕಂಡರೆ ಯಾರಾದರೂ ಕೂಗಿ ಕೇಳುತ್ತಾರೆ. ಎತ್ತರದ ಗೋಡೆಯಲ್ಲಿ ಆ ಅನುಕೂಲ ಇಲ್ಲ. ಒಮ್ಮೆ ಒಳಗೆ ಹಾರಿದವನಿಗೆ ಅದೇ ಮರೆ. ಇದನ್ನು ಅತ್ತೆಗೆ ಹೇಳಿ ನೋಡಿದೆ. ತೊಂಡೆಕಾಯಿ ಪಲ್ಯ ಬಡಿಸುವಾಗ ಈ ಮಾತು ಯಾಕೆ ಬರುವುದಿಲ್ಲ ಎಂದು ಕೇಳಿದರು. ತೊಂಡೆ ಅಲ್ಲೇ ಇದೆ.

ಇನ್ನು ಸೋಲಾರ್ ಬೇಲಿ. ಹೆಸರು ಕೇಳಿ ಬಿಸಿಲಿನ ಕರೆಂಟ್ ನೇರ ಸರಿಗೆಗೆ ಬರುತ್ತದೆ ಎಂದುಕೊಳ್ಳುವವರು ಇದ್ದಾರೆ. ಪ್ಯಾನೆಲ್ 12 ವೋಲ್ಟ್ ಬ್ಯಾಟರಿಯನ್ನು ಚಾರ್ಜ್ ಮಾಡುತ್ತದೆ, ಬ್ಯಾಟರಿಯಿಂದ ಎನರ್ಜೈಸರ್ ಓಡುತ್ತದೆ. ಅದು ಸುಮಾರು ಸೆಕೆಂಡಿಗೊಮ್ಮೆ ಸಾವಿರಾರು ವೋಲ್ಟಿನ ಒಂದು ಹೊಡೆತ ಕಳಿಸುತ್ತದೆ. ಹೊಡೆತ ಇರುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೂ ಕಮ್ಮಿ ಹೊತ್ತು. ಅದಕ್ಕೇ ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಮನೆಯ ಲೈನಿನಿಂದ ನೇರ ಸರಿಗೆಗೆ ಕರೆಂಟ್ ಕೊಡುವುದು ಕೊಲೆಗೆ ಸಮ, ಕಾನೂನಿನಲ್ಲೂ ಅಪರಾಧ. 2022ರ ಮೇಯಲ್ಲಿ ಪಾಲಕ್ಕಾಡಿನ ಮುಟ್ಟಿಕುಳಂಗರದಲ್ಲಿ ಹಂದಿಗೆಂದು ಇಟ್ಟ ಕರೆಂಟಿನ ಸರಿಗೆ ತಾಗಿ ಇಬ್ಬರು ಪೊಲೀಸರು ಸತ್ತರು. ನಮ್ಮ ಕಡೆಯೂ ‘ಒಂದು ರಾತ್ರಿ ಮಾತ್ರ’ ಎನ್ನುವವರು ಇದ್ದಾರೆ. ಅಂಥವರಿಗೆ ಈ ಸುದ್ದಿ ನೆನಪಿಸಿ.

ಸೋಲಾರ್‌ಗೆ ನಾನು ಮೂರೇ ಅಂಕ ಕೊಟ್ಟದ್ದಕ್ಕೆ ಕಾರಣ ಅದು ಕೇಳುವ ಚಾಕರಿ. ಮಳೆಗಾಲದಲ್ಲಿ ಹುಲ್ಲು ಬೆಳೆದು ಕೆಳಗಿನ ಸರಿಗೆಗೆ ತಾಗುತ್ತದೆ, ಕರೆಂಟ್ ಅಲ್ಲೇ ನೆಲಕ್ಕೆ ಇಳಿಯುತ್ತದೆ. ಎರಡು ವಾರ ಕತ್ತಿ ಹಿಡಿಯದಿದ್ದರೆ ತುದಿಯಲ್ಲಿ ಹೊಡೆತವೇ ಇಲ್ಲ. ಬೇಸಿಗೆಯಲ್ಲಿ ತೊಂದರೆ ಉಲ್ಟಾ. ಏಪ್ರಿಲ್ ಹೊತ್ತಿಗೆ ನಮ್ಮ ಮುರ ನೆಲ ಒಣಗಿ ಬಿರಿದಿರುತ್ತದೆ, ಅರ್ತ್ ಸಿಗುವುದಿಲ್ಲ. ಹಂದಿ ಸರಿಗೆ ಮುಟ್ಟಿದರೂ ಕರೆಂಟ್ ಅದರ ಮೈಯಿಂದ ನೆಲಕ್ಕೆ ಹೋದರೆ ತಾನೇ ಹೊಡೆತ ತಾಗುವುದು? ಇದಕ್ಕೆ ಮದ್ದು ಇದೆ. ಒಂದು ಸರಿಗೆ ಬಿಟ್ಟು ಇನ್ನೊಂದನ್ನು ಅರ್ತ್‌ಗೆ ಜೋಡಿಸುವುದು. ಆಗ ನೆಲ ಒಣಗಿದ್ದರೂ ಎರಡು ಸರಿಗೆ ಒಟ್ಟಿಗೆ ಮುಟ್ಟಿದ ಮೂತಿಗೆ ಬಿಸಿ ತಾಗುತ್ತದೆ. ಅರ್ತ್ ಸರಳುಗಳನ್ನು ಬಚ್ಚಲ ನೀರು ಹೋಗುವ ಕಡೆ ಹೂತರೆ ಒಳ್ಳೆಯದು. ಮೇ ಮತ್ತು ಅಕ್ಟೋಬರಿನ ಸಿಡಿಲಿಗೆ ಎನರ್ಜೈಸರ್ ಸುಟ್ಟುಹೋಗುವುದೂ ಉಂಟು. ನಮ್ಮದು ಒಮ್ಮೆ ಹೋಯಿತು, ರಿಪೇರಿಗೆ ಕಳಿಸಿದ್ದು ವಾಪಸ್ ಬರುವಷ್ಟರಲ್ಲಿ ಬಾಳೆ ಹೋಗಿತ್ತು. ಸಿಡಿಲು ತಡೆಯುವ ಸಾಮಾನನ್ನು ಬೇಲಿಯ ಜೊತೆಗೇ ಹಾಕಿಸಿಕೊಳ್ಳಿ.

ಆನೆ ಬರುವ ಕಡೆಯವರಿಗೆ, ಅಂದರೆ ಕಾರಡ್ಕ, ದೇಲಂಪಾಡಿ ಭಾಗದವರಿಗೆ, ಇದೆಲ್ಲ ಸಣ್ಣ ಮಾತು. ಅಲ್ಲಿ ಪಂಚಾಯ್ತಿಗಳು ಸೇರಿ ಕಾಡಂಚಿಗೆ ತೂಗು ಸೋಲಾರ್ ಬೇಲಿ ಮಾಡಿಸಿವೆ. ಎತ್ತರದ ಕಂಬದಿಂದ ಸರಿಗೆಗಳು ಕೆಳಗೆ ಜೋತಾಡುತ್ತವೆ. ಒಬ್ಬೊಬ್ಬರು ಒಂದೊಂದು ತೋಟಕ್ಕೆ ಹಾಕಿಸಿದರೆ ಆನೆ ಪಕ್ಕದ ತೋಟದಿಂದ ಬರುತ್ತದೆ, ಅಷ್ಟೇ.

ಅಣ್ಣನ ಕನ್ಸರ್ಟಿನಾ ಕಥೆ ಚಿಕ್ಕದು. ಹಾಕಿದಾಗ ಜೈಲಿನ ಹಾಗೆ ಗಂಭೀರವಾಗಿ ಕಾಣುತ್ತಿತ್ತು. ತಗಡು ಕತ್ತರಿಸಿ ಮಾಡಿದ ಮುಳ್ಳು ಅದು, ಕತ್ತರಿಸಿದ ಅಂಚಿನಿಂದಲೇ ತುಕ್ಕು ಹಿಡಿಯಿತು. ಮೇಲೆ ಪೂರ್ತಿ ಪ್ಲಾಸ್ಟಿಕ್ ಚೀಲ ಸಿಕ್ಕಿಹಾಕಿಕೊಂಡು ಅಸಹ್ಯ. ತೆಗೆಯಲು ಹೋದ ಹುಡುಗನ ಕೈ ಕೊಯ್ದುಕೊಂಡಿತು. ಇಷ್ಟಾದರೂ ಕಳ್ಳತನ ಆಗಲಿಲ್ಲ ಎಂದು ಅವನು ವಾದಿಸುತ್ತಾನೆ. ಗೇಟಿನ ಮೇಲಿನ ದೀಪ ಮತ್ತು ನಾಯಿಯಿಂದ ಆಗಲಿಲ್ಲ ಎಂದು ನಾನು.

ಗಡಿಕಲ್ಲಿನ ಬಗ್ಗೆ ಒಂದು ಮಾತು. ಬೇಲಿ ಹಾಕಿಸುವ ಮೊದಲು ಸರ್ವೆಯವರನ್ನು ಕರೆಸಿ. 2022ರಿಂದ ಕೇರಳದಲ್ಲಿ ಡಿಜಿಟಲ್ ಸರ್ವೆ ನಡೆಯುತ್ತಿದೆ, ಹಳೆಯ ಅಗಳಿನ (ಕಂದಕದ) ಗಡಿಗೂ ಹೊಸ ನಕ್ಷೆಗೂ ವ್ಯತ್ಯಾಸ ಬಂದರೆ ಕಾಂಕ್ರೀಟ್ ಕಂಬ ಕಿತ್ತು ಇಡುವುದು ಸುಲಭ ಅಲ್ಲ. ರಸ್ತೆ ಬದಿಗೆ ಗೋಡೆ ಕಟ್ಟುವುದಾದರೆ ಪಂಚಾಯ್ತಿ ಪರ್ಮಿಟ್ ಬೇಕು. ನೆರೆಮನೆಯವರನ್ನು ಅಳತೆಯ ದಿನ ಜೊತೆಗೇ ನಿಲ್ಲಿಸಿಕೊಳ್ಳಿ, ಒಂದು ಲೋಟ ಚಾ ಕೊಡಿ.

ಅಣ್ಣ ಈಗ ಪಡುವಣ ಬದಿಯ ಬಲೆ ಬದಲಿಸುತ್ತಿದ್ದಾನೆ. ಮಂಗಳೂರಿನಲ್ಲಿ 358 ಎಂಬ ವೆಲ್ಡೆಡ್ ಮೆಶ್ ನೋಡಿ ಬಂದ. 3 ಇಂಚು ಉದ್ದ, ಅರ್ಧ ಇಂಚು ಅಗಲದ ಕಣ್ಣು, 8 ಗೇಜ್ ಸರಿಗೆ. ಬೆರಳು ತೂರುವುದೇ ಕಷ್ಟ, ಇನ್ನು ಕಾಲಿಟ್ಟು ಹತ್ತುವುದೆಲ್ಲಿ. ಮಾಲು ಒಳ್ಳೆಯದೇ, ಆದರೆ ಟೈಲ್ಸ್ ಗೋಡೌನಿಗೆ ಆ ರೇಟ್ ಜಾಸ್ತಿ ಎಂದು ಅತ್ತಿಗೆ ತಡೆದರು. ನನಗೂ ಅದೇ ಸರಿ ಅನಿಸಿತು, ಟೈಲ್ಸ್ ಪೆಟ್ಟಿಗೆ ಹೊತ್ತು ಬೇಲಿ ಹತ್ತುವ ಕಳ್ಳ ಹುಟ್ಟಿ ಬರಬೇಕಷ್ಟೇ. ಕೊನೆಗೆ ಪಡುವಣ ಬದಿಗೆ ಎದೆಮಟ್ಟದ ಮುರಕಲ್ಲಿನ ಗೋಡೆ, ಅದರ ಮೇಲೆ ದಪ್ಪ ಲೇಪದ 10 ಗೇಜ್ ಬಲೆ ಎಂದು ತೀರ್ಮಾನವಾಗಿದೆ. ಕಲ್ಲಿನ ಲೋಡ್ ಬಂದು ಬಿದ್ದಿದೆ. ಬಲೆ ಬರುವ ದಿನ ವರ್ನಿಯರ್ ತೆಗೆದುಕೊಂಡು ಬರಲು ನನಗೆ ಹೇಳಿದ್ದಾನೆ.