ಆರು ಸುಗ್ಗಿ ಕಂಡ ನಮ್ಮ ಸೇಬಿನ ಗಾಣ

2018ರಲ್ಲಿ ರಿಟೈರ್ ಆಗಿ ಬರ್ಮಿಂಗ್‌ಹ್ಯಾಮ್ ಬಿಟ್ಟು ಲೆಡ್ಬರಿ ಹತ್ತಿರದ ಹಳ್ಳಿಗೆ ಬಂದೆವು. ನಮ್ಮ ಜಿಲ್ಲೆ ಹೆರೆಫರ್ಡ್‌ಷೈರ್ ಅಂದರೆ ಸೈಡರ್ (ಸೇಬಿನ ರಸ ಹುದುಗಿಸಿ ಮಾಡುವ ಮದ್ಯ) ಸೀಮೆ. ಹಿತ್ತಿಲಲ್ಲಿ ಐದು ಸೇಬಿನ ಮರ ಇದ್ದವು. ಮೊದಲ ವರ್ಷ ಹಣ್ಣೆಲ್ಲ ಉದುರಿ ಹುಲ್ಲಿನಲ್ಲೇ ಕೊಳೆಯಿತು. ಮಂಡ್ಯದ ಕಡೆಯವನಿಗೆ ಅದನ್ನು ನೋಡಿಕೊಂಡು ಸುಮ್ಮನಿರೋಕೆ ಆಗುತ್ತಾ? ಮರುವರ್ಷವೇ ರಸ ಹಿಂಡುವ 18 ಲೀಟರಿನ ಬುಟ್ಟಿ ಪ್ರೆಸ್ ತರಿಸಿದೆ. ಬೀಚ್ ಮರದ ಪಟ್ಟಿಗಳ ಬುಟ್ಟಿ, ನಡುವೆ ದಪ್ಪ ಕಬ್ಬಿಣದ ತಿರುಪು, ಮೇಲೆ ತಿರುಗಿಸುವ ಸಲಾಕೆ. ಮನೆಯಲ್ಲಿ ಅದಕ್ಕೆ ಗಾಣ ಅಂತಲೇ ಹೆಸರು.

ಪ್ರೆಸ್ ಚೆನ್ನಾಗಿದೆ. ಆದರೆ ಅದೊಂದನ್ನೇ ಕೊಂಡರೆ ದುಡ್ಡು ದಂಡ. ಸೇಬು ಕಬ್ಬಿನ ಹಾಗಲ್ಲ, ಇಡೀ ಹಣ್ಣನ್ನು ಎಷ್ಟು ಅದುಮಿದರೂ ರಸ ಬಿಡುವುದಿಲ್ಲ. ಮೊದಲು ಜಜ್ಜಬೇಕು. ಮೊದಲ ಸುಗ್ಗಿಯಲ್ಲಿ ಬೇಲಿಯ ಗೂಟವನ್ನೇ ಒನಕೆ ಮಾಡಿಕೊಂಡು ಬಕೆಟ್ಟಿನಲ್ಲಿ ಕುಟ್ಟಿದೆ. ಇಡೀ ದಿನಕ್ಕೆ ಸಿಕ್ಕಿದ್ದು ಮೂರು ಲೀಟರ್, ಜೊತೆಗೆ ಭುಜ ನೋವು. ಮಿಕ್ಸಿಗೆ ಹಾಕಿದರೆ ಚಟ್ನಿಯಾಗಿ, ಪ್ರೆಸ್ಸಿನ ಬುಟ್ಟಿಯೊಳಗೆ ಹಾಕುವ ಬಲೆಯ ಚೀಲದಿಂದ ನುಸುಳಿ ಬಂತು. ಕೊನೆಗೆ ಕೈಯಲ್ಲಿ ತಿರುಗಿಸುವ ಸ್ಕ್ರ್ಯಾಟರ್, ಅಂದರೆ ಹಣ್ಣು ಜಜ್ಜುವ ಯಂತ್ರ, ತಂದೆ. ಆಮೇಲೆ ಒಂದು ಬುಟ್ಟಿ ಜಜ್ಜಿದ ಹಣ್ಣಿಗೆ ಎಂಟು, ಒಂಬತ್ತು ಲೀಟರ್ ರಸ. ಇರೋದು ಸ್ವಲ್ಪ ದುಡ್ಡಾದರೆ ಮೊದಲು ಸ್ಕ್ರ್ಯಾಟರ್ ಕೊಳ್ಳಿ, ಪ್ರೆಸ್ಸನ್ನು ಯಾರ ಹತ್ತಿರವಾದರೂ ಎರವಲು ತನ್ನಿ.

ತಿರುಪನ್ನು ಅವಸರದಲ್ಲಿ ತಿರುಗಿಸಬಾರದು. ಅರ್ಧ ಸುತ್ತು ತಿರುಗಿಸಿ, ಟೀ ಕುಡಿದು ಬಂದು ಇನ್ನರ್ಧ ಸುತ್ತು. ರಸ ಇಳಿಯುವಾಗ ಬರುವ ವಾಸನೆಗೆ ಆಲೆಮನೆ ನೆನಪಾಗುತ್ತದೆ. ಅಲ್ಲಿ ಜೇನುನೊಣ ಮುತ್ತುತ್ತಿದ್ದವು, ಇಲ್ಲಿ ಕಣಜದ ಹುಳು. ಕಚ್ಚಿದರೆ ತಿಳಿಯುತ್ತೆ ವ್ಯತ್ಯಾಸ!

ಮೂರನೇ ವರ್ಷ ಪ್ರೆಸ್ಸಿನ ತಳದ ತಟ್ಟೆಯ ಬಣ್ಣ ಎದ್ದಿತು. ಗಮನಿಸಲಿಲ್ಲ. ರಸ ಬರೀ ಕಬ್ಬಿಣಕ್ಕೆ ತಾಗಿ, ಸೇಬಿನ ಒಗರಿನ ಜೊತೆ ಸೇರಿ, ಎರಡು ಜಾಡಿ ಸೈಡರ್ ಶಾಯಿಯ ಹಾಗೆ ಕಪ್ಪಾಯಿತು. ಮಾರಿದ ಅಂಗಡಿಯವರು 'ಸವೆತಕ್ಕೆ ಗ್ಯಾರಂಟಿ ಇಲ್ಲ' ಅಂದುಬಿಟ್ಟರು. ಸ್ಟೀಲ್ ತಟ್ಟೆಯದ್ದೇ ಕೊಳ್ಳಿ, ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ತಿರುಪಿಗೆ ಮಾತ್ರ ನನ್ನ ದೂರಿಲ್ಲ. ಪ್ರತಿ ವರ್ಷ ಆಹಾರಕ್ಕೆ ತಾಗಿದರೂ ತೊಂದರೆಯಿಲ್ಲದ ಗ್ರೀಸ್ ಹಚ್ಚುತ್ತೇನೆ, ಅಷ್ಟೇ.

ನಮ್ಮ ಮರಗಳಲ್ಲಿ ಒಂದು ಬ್ರ್ಯಾಮ್ಲಿ ಅನ್ನೋ ಅಡುಗೆ ಸೇಬು, ಹುಳಿ ಅಂದರೆ ಹುಳಿ. ಅದರ ರಸವೊಂದರಿಂದಲೇ ಮಾಡಿದ ಸೈಡರ್ ಹಲ್ಲು ಚಳಿತು ಹೋಗುವ ಹಾಗಿತ್ತು. ಸೈಡರಿಗೆ ಒಗರು ಬೇಕು. ಪಕ್ಕದ ತೋಟದವರು ನವೆಂಬರಿನಲ್ಲಿ ಎರಡು ಚೀಲ ಡ್ಯಾಬಿನೆಟ್ ಅನ್ನೋ ಒಗರು ಸೇಬು ಕೊಡುತ್ತಾರೆ. ಬದಲಿಗೆ ಉಪ್ಪಿನಕಾಯಿ ಕೊಡುತ್ತೇವೆ, ಅದೂ ಬ್ರ್ಯಾಮ್ಲಿಯದೇ. ಮಾವಿನಕಾಯಿ ಸಿಗದ ಊರಲ್ಲಿ ಅದೇ ನಮ್ಮ ಮಾವಿನಕಾಯಿ.

ಹಿಂಡಿದ ರಸದ ಹೈಡ್ರೋಮೀಟರ್ (ಸಕ್ಕರೆ ಎಷ್ಟಿದೆ ಅಂತ ತೋರಿಸುವ ಸಾಂದ್ರತೆ ಮಾಪಕ) ಅಳತೆ ಸಾಮಾನ್ಯವಾಗಿ 1.050ರ ಹತ್ತಿರ ಇರುತ್ತದೆ. ರಸ ಜಾಡಿಯಲ್ಲಿ ಹುದುಗಿ ಅದು 1.000ಕ್ಕೆ ಇಳಿದರೆ ಆಲ್ಕೋಹಾಲ್ ಸುಮಾರು ಶೇ. 6.5. ಅಷ್ಟು ಇಳಿಯುವ ಮೊದಲೇ ಬಾಟಲಿಗೆ ತುಂಬಬೇಡಿ, ಒಳಗೇ ಹುದುಗಿ ಗ್ಯಾಸ್ ತುಂಬಿಕೊಳ್ಳುತ್ತದೆ. 2021ರಲ್ಲಿ ಅವಸರಪಟ್ಟೆ. ರಾತ್ರಿ ಶೆಡ್ಡಿನಲ್ಲಿ ಢಂ ಅಂದಿತು, ಬೆಳಿಗ್ಗೆ ನೋಡಿದರೆ ಗೋಡೆಯಲ್ಲಿ ಗಾಜಿನ ಚೂರು ನಾಟಿತ್ತು. ಜಾಡಿಗೆ ಗಾಳಿ ಹೊಕ್ಕರೆ ಇನ್ನೊಂದು ಕಥೆ, ವಿನೆಗರ್ ಆಗುತ್ತದೆ. ಒಮ್ಮೆ ಆಯಿತು. ಅದನ್ನು ಚೆಲ್ಲಲಿಲ್ಲ, ಈಗಲೂ ಸಲಾಡಿಗೆ ಅದೇ.

ನನ್ನ ಹೆಂಡತಿ ಸೈಡರ್ ಮುಟ್ಟುವುದಿಲ್ಲ. ಅವಳ ಪಾಲಿನ ರಸವನ್ನು ಹುದುಗದಿರಲಿ ಅಂತ ಬಾಟಲಿಯಲ್ಲೇ 75 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ಇಡುತ್ತೇವೆ.

ದುಡ್ಡು ಉಳಿಯಿತಾ ಅಂತ ಮಕ್ಕಳು ಕೇಳುತ್ತಾರೆ. ಎರಡೂ ಯಂತ್ರ, ಜಾಡಿ, ಬಾಟಲಿ ಸೇರಿ ಮುನ್ನೂರು ಪೌಂಡ್ ದಾಟಿತ್ತು. ನನ್ನ ಕೂಲಿ ಸೇರಿಸಿದರೆ ಅಂಗಡಿ ಸೈಡರೇ ಅಗ್ಗ. ನಾವು ತಿನ್ನೋದೆಲ್ಲ ನಮ್ಮದೇ ಬೆಳೆ ಅಂದುಕೊಂಡರೆ ಅದೂ ಸುಳ್ಳು. ಆಲೂಗಡ್ಡೆ, ಬೀನ್ಸ್, ಕಿಟಕಿಯ ಬಿಸಿಲಿಗೆ ಮೆಂತ್ಯ ಸೊಪ್ಪು, ನಾಲ್ಕು ಕೋಳಿಯ ಮೊಟ್ಟೆ ನಮ್ಮವು. ರಾಗಿ ಬರೋದು ಬರ್ಮಿಂಗ್‌ಹ್ಯಾಮಿನ ಅಂಗಡಿಯಿಂದಲೇ.

ಪ್ರೆಸ್ಸಿಗೆ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಳೆದದ್ದು ಆ ತಟ್ಟೆಗೆ. ಬಲೆಯ ಚೀಲ ಹೋದ ಸುಗ್ಗಿಯಲ್ಲಿ ಹರಿಯಿತು. ಹೊಸದು ಬರುವ ತನಕ ಅಂತ ಹೆಂಡತಿ ಹಳೇ ಕಿಟಕಿ ಪರದೆಯಲ್ಲಿ ಒಂದು ಹೊಲಿದಳು. ಅಂಗಡಿಯದಕ್ಕಿಂತ ಅದೇ ಗಟ್ಟಿಯಾಗಿದೆ.